ಎರಡು ಸಂಜೆಗಳ ಶುಕ್ರವಾರ, ನೆಲ ಮುಟ್ಟದ ಗುರುವಾರ

ಗುರುವಾರ, ತಿಪಟೂರು

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ಮೊಬೈಲನ್ನು ಕೇಳಿದರೆ ಸುಮಾರು 14,000 ಕಿಲೋಮೀಟರ್ ಎನ್ನುತ್ತದೆ. ಎಷ್ಟು ಹೊತ್ತಿನ ಪ್ರಯಾಣ ಎಂದರೆ ಹೋಗುವುದಕ್ಕೆ ಒಂದು ಲೆಕ್ಕ, ಬರುವುದಕ್ಕೆ ಇನ್ನೊಂದು ಲೆಕ್ಕ ತೋರಿಸುತ್ತದೆ. ಊರುಗಳು ಅವೇ, ವಿಮಾನ ಅದೇ, ಹೊತ್ತು ಮಾತ್ರ ಏಕೆ ಬೇರೆ ಎಂಬುದನ್ನು ಹೇಳುವುದಿಲ್ಲ. ಪ್ರೌಢಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಲೇ ನಿವೃತ್ತನಾದ ನನಗೆ, 2024ರ ಫೆಬ್ರವರಿಯಲ್ಲಿ ಮಗಳ ಬಾಣಂತನದ ನೆಪದಲ್ಲಿ, ಆ ಉತ್ತರವನ್ನು ಕಿಟಕಿಯ ಪಕ್ಕ ಕುಳಿತು ನೋಡುವ ಭಾಗ್ಯ ಒದಗಿತು.

ಹೊರಡುವ ಹಿಂದಿನ ದಿನ ಮಡದಿ ಅಡುಗೆಮನೆಯಲ್ಲಿ ಅಂಟಿನುಂಡೆ ಕಟ್ಟುತ್ತಿದ್ದಳು. ನಾನು ಗ್ಲೋಬನ್ನು ಮುಂದಿಟ್ಟುಕೊಂಡು ಕುಳಿತಿದ್ದೆ. ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಬಿಗಿಯಾಗಿ ಎಳೆದರೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಸಿಗುತ್ತದೆ. ಮಹಾವೃತ್ತ ಎಂದು ಮಕ್ಕಳಿಗೆ ಹೇಳಿಕೊಟ್ಟದ್ದು ಇದನ್ನೇ. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಪೂರ್ವಕ್ಕೆ ನೇರ ಗೆರೆ ಎಳೆದರೆ ಅದು ಪೆಸಿಫಿಕ್ ಸಾಗರವನ್ನು ಅಡ್ಡಡ್ಡವಾಗಿ ದಾಟುತ್ತದೆ. ಗ್ಲೋಬಿನ ಮೇಲಿನ ದಾರ ಹಾಗೆ ಹೋಗುವುದೇ ಇಲ್ಲ. ಬೆಂಗಳೂರಿನಿಂದ ಉತ್ತರಕ್ಕೆ, ಸ್ವಲ್ಪವೇ ಪೂರ್ವಕ್ಕೆ ವಾಲಿ ಹೊರಟು ನೇಪಾಳದ ಅನ್ನಪೂರ್ಣ ಶಿಖರಗಳ ಆಸುಪಾಸಿನಲ್ಲಿ ಹಿಮಾಲಯವನ್ನು ಹತ್ತುತ್ತದೆ. ಟಿಬೆಟ್ ದಾಟಿ, ಸೈಬೀರಿಯಾ ದಾಟಿ, ಹತ್ತಿರ ಹತ್ತಿರ 71ನೆಯ ಅಕ್ಷಾಂಶದವರೆಗೆ ಏರಿ ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟುತ್ತದೆ. ಅಲ್ಲಿಂದ ಅಲಾಸ್ಕದ ಮೇಲೆ ಬಾಗಿ ಅಮೆರಿಕದ ಪಶ್ಚಿಮ ಕರಾವಳಿಗುಂಟ ಕೆಳಗಿಳಿಯುತ್ತದೆ.

ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ ಲೆಕ್ಕ ಹಾಕಿದೆ. ಸುಮಾರು 126 ಡಿಗ್ರಿ, ಎಂದರೆ 13,990 ಕಿಲೋಮೀಟರ್. ಭೂಮಿಯ ಮೇಲಿನ ಯಾವ ಎರಡು ಊರುಗಳ ನಡುವೆಯೂ ಸುಮಾರು 20,000 ಕಿಲೋಮೀಟರಿಗಿಂತ ಹೆಚ್ಚಿನ ಅಂತರ ಸಾಧ್ಯವಿಲ್ಲ. ನನ್ನ ಮಗಳು ಅದರ ಮೂರನೆಯ ಎರಡಕ್ಕಿಂತ ಹೆಚ್ಚು ದೂರದಲ್ಲಿದ್ದಾಳೆ.

"ರೀ, ದಾರ ಆಮೇಲೆ ಅಳೆಯಿರಿ, ಮೊದಲು ಸೂಟ್‌ಕೇಸ್ ತೂಕ ನೋಡಿ" ಎಂದಳು ಮಡದಿ. ಒಂದೊಂದು ಪೆಟ್ಟಿಗೆಗೆ 23 ಕಿಲೋ ಮಿತಿ. ಕೊಬ್ಬರಿ ಊರಿನವರು ನಾವು, ಉಂಡೆಗೆ ಕೊಬ್ಬರಿ ಧಾರಾಳವಾಗಿಯೇ ಬಿದ್ದಿತ್ತು.

ಶುಕ್ರವಾರ ಮಧ್ಯಾಹ್ನ, ದೇವನಹಳ್ಳಿ

ತಿಪಟೂರಿನವರಿಗೆ ವಿಮಾನ ನಿಲ್ದಾಣಕ್ಕೆ ಹೋಗಲು ಬೆಂಗಳೂರು ನಗರದೊಳಗೆ ಕಾಲಿಡುವ ಅಗತ್ಯವೇ ಇಲ್ಲ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಬಹುದು. ಬೆಳಗಿನ ಜಾವ ಹೊರಟು ಹತ್ತು ಗಂಟೆಯೊಳಗೆ ಎರಡನೆಯ ಟರ್ಮಿನಲ್‌ನ ಬಾಗಿಲಲ್ಲಿದ್ದೆವು. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಕಟ್ಟಡ. ಅಂತರರಾಷ್ಟ್ರೀಯ ವಿಮಾನಗಳು ಇಲ್ಲಿಗೆ ಬಂದದ್ದು 2023ರ ಸೆಪ್ಟೆಂಬರಿನಲ್ಲಿ. ಛಾವಣಿಗೆಲ್ಲ ಬಿದಿರು, ಮೇಲಿನಿಂದ ತೂಗುವ ಹಸಿರು ಗಿಡಗಳು. ಮಡದಿ ಒಂದು ಎಲೆಯನ್ನು ಮುಟ್ಟಿ ನೋಡಿ, ನಿಜವಾದದ್ದೇ ಎಂದು ಖಾತ್ರಿ ಮಾಡಿಕೊಂಡಳು.

ಬೆಂಗಳೂರಿನಿಂದ ಅಮೆರಿಕಕ್ಕೆ ನಡುವೆ ಎಲ್ಲಿಯೂ ಇಳಿಯದೆ ಹೋಗುವ ವಿಮಾನ 2021ರ ಜನವರಿಯವರೆಗೆ ಇರಲೇ ಇಲ್ಲ. ಆ ತಿಂಗಳ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಸಮೀಪದಿಂದ ಹಾರಿಸಿಕೊಂಡು ಬಂದು, 11ರ ಬೆಳಗಿನ ಜಾವ ಇಲ್ಲಿ ಇಳಿಸಿದರು. ಅಂದು ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಕತ್ತರಿಸಿ ಶಾಲೆಯ ಫಲಕಕ್ಕೆ ಅಂಟಿಸಿದ್ದೆ. ಶಾಲೆಗಳು ಆಗಷ್ಟೇ ತೆರೆಯುತ್ತಿದ್ದ ಕಾಲ. ಹೆಣ್ಣುಮಕ್ಕಳು ಅದರ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದರು.

ಕಾಯುವ ಸಾಲಿನಲ್ಲಿ ನಮ್ಮಂಥವರೇ ಹೆಚ್ಚು. ಅರಸೀಕೆರೆಯ ಕಡೆಯ ಹಿರಿಯ ಹೆಂಗಸೊಬ್ಬರು ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ಮೊಣಕಾಲು ನೋವೇ ಎಂದು ಮಡದಿ ವಿಚಾರಿಸಿದಳು. "ಕಾಲು ಗಟ್ಟಿಯಾಗಿದೆ ತಾಯಿ. ಅಲ್ಲಿ ಇಳಿದ ಮೇಲೆ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಜೊತೆಗೆ ಒಬ್ಬರು ಇರಲಿ ಎಂದು ಮಗ ಇದನ್ನು ಹೇಳಿಟ್ಟಿದ್ದಾನೆ" ಎಂದರು. ಒಬ್ಬಂಟಿಯಾಗಿ ಅರ್ಧ ಭೂಮಿಯನ್ನು ಸುತ್ತಲು ಹೊರಟ ಆ ತಾಯಿಯ ಧೈರ್ಯ ನನಗೆ ಇಂದಿಗೂ ನೆನಪಿದೆ. ಇಳಿಯುವವರೆಗೂ ನಾವಿಬ್ಬರೂ ಅವರ ಜೊತೆಗಿದ್ದೆವು.

ವಿಮಾನ ಬೋಯಿಂಗ್ 777-200ಎಲ್‌ಆರ್. ದೂರ ಹಾರಲೆಂದೇ ಕಟ್ಟಿದ ಮಾದರಿ. 2005ರ ನವೆಂಬರಿನಲ್ಲಿ ಇದೇ ಮಾದರಿಯ ವಿಮಾನ ಹಾಂಗ್‌ಕಾಂಗ್‌ನಿಂದ ಪೂರ್ವದಿಕ್ಕಿಗೆ ಹೊರಟು, ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ಮೂರನ್ನೂ ದಾಟಿ 21,602 ಕಿಲೋಮೀಟರ್ ಕ್ರಮಿಸಿ, 22 ಗಂಟೆ 42 ನಿಮಿಷಗಳ ನಂತರ ಲಂಡನ್ನಿನಲ್ಲಿ ಇಳಿದು ದಾಖಲೆ ಮಾಡಿತ್ತು. ಇದರ ಟ್ಯಾಂಕುಗಳು 1,81,000 ಲೀಟರಿಗೂ ಹೆಚ್ಚು ಇಂಧನ ಹಿಡಿಯುತ್ತವೆ. ಪೂರ್ತಿ ತುಂಬಿದಾಗ ವಿಮಾನದ ಗರಿಷ್ಠ ತೂಕ ಸುಮಾರು 347 ಟನ್. ದೇವನಹಳ್ಳಿ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು, ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳು. ರೆಕ್ಕೆಗೆ ಎತ್ತುವ ಬಲ ಬರಬೇಕಾದರೆ ಹೆಚ್ಚು ವೇಗ ಬೇಕು, ವೇಗ ಬರಲು ಹೆಚ್ಚು ಓಟ ಬೇಕು. 4,000 ಮೀಟರ್ ಉದ್ದದ ರನ್‌ವೇ ಇರುವುದು ಇಂಥ ಭಾರದ ವಿಮಾನಗಳಿಗೂ ಸಾಲಲೆಂದು. ಎರಡೂವರೆಯ ಹೊತ್ತಿಗೆ ಓಡತೊಡಗಿದ ವಿಮಾನ ಬಹಳ ಹೊತ್ತು ನೆಲವನ್ನು ಬಿಡಲೇ ಇಲ್ಲ. ಮಡದಿ ನನ್ನ ಮುಂಗೈ ಹಿಡಿದಿದ್ದಳು. ಕೊನೆಗೆ ಚಕ್ರಗಳ ಸದ್ದು ನಿಂತಿತು, ನಂದಿ ಬೆಟ್ಟ ಕೆಳಗಿಳಿಯಿತು.

ಶುಕ್ರವಾರದ ಮೊದಲ ಸಂಜೆ

ಮುಂದಿನ ಸೀಟಿನ ಬೆನ್ನಿನ ಪರದೆಯಲ್ಲಿ ನಕ್ಷೆ ತೆರೆದಿಟ್ಟುಕೊಂಡೆ. ದಾರ ತೋರಿಸಿದ ಅನ್ನಪೂರ್ಣದ ಕಡೆ ವಿಮಾನ ಮೂಗು ತಿರುಗಿಸಲಿಲ್ಲ. ಬಂಗಾಳ ಕೊಲ್ಲಿಯ ಮೇಲೆ ಹಾಯ್ದು ಮಯನ್ಮಾರ್, ಅಲ್ಲಿಂದ ದಕ್ಷಿಣ ಚೀನಾ, ಆಮೇಲೆ ಜಪಾನ್. ಇದು ದಾರದ ಅಳತೆಗಿಂತ ಸಾವಿರ ಕಿಲೋಮೀಟರಿನಷ್ಟು ಸುತ್ತು. ಒಟ್ಟು ಹಾದಿ 15,000 ಕಿಲೋಮೀಟರಿಗೆ ಸಮೀಪವಾಗುತ್ತದೆ.

ಸುತ್ತುವುದಕ್ಕೆ ಎರಡು ಕಾರಣಗಳಿವೆ. ಒಂದು ನೆಲದ್ದು. ವಿಮಾನದೊಳಗಿನ ಗಾಳಿಯ ಒತ್ತಡ ಏನಾದರೂ ತಪ್ಪಿದರೆ ಪೈಲಟ್ ಕೂಡಲೇ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು, ಅಲ್ಲಿ ಜನ ಸಹಜವಾಗಿ ಉಸಿರಾಡಬಹುದು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ, ಇಳಿಯುವುದೆಲ್ಲಿಗೆ? ಆದ್ದರಿಂದ ವಿಮಾನಗಳು ಆ ಪ್ರದೇಶವನ್ನು ಆದಷ್ಟು ಬಳಸಿಕೊಂಡು ಹೋಗುತ್ತವೆ. ಇನ್ನೊಂದು ಕಾರಣ ಗಾಳಿಯದ್ದು. ಅದನ್ನು ಜಪಾನಿನ ಹತ್ತಿರ ನೋಡಿದೆ.

ಅದಕ್ಕೂ ಮೊದಲು ಸಂಜೆಯಾಯಿತು. ನನ್ನ ಕೈಗಡಿಯಾರದಲ್ಲಿ ಇನ್ನೂ ಐದು ಗಂಟೆ ಆಗಿರಲಿಲ್ಲ. ನಾವು ಪೂರ್ವಕ್ಕೆ ಓಡುತ್ತಿದ್ದೆವು, ಕತ್ತಲು ಪೂರ್ವದಿಂದ ಎದುರಿಗೆ ಬರುತ್ತಿತ್ತು. ರೆಕ್ಕೆಯ ತುದಿ ಒಂದೆರಡು ನಿಮಿಷ ಕುಂಕುಮದ ಬಣ್ಣಕ್ಕೆ ತಿರುಗಿತು. ಮುಂದಿನ ದಿಗಂತದಲ್ಲಿ ಬೂದಿ ನೀಲಿಯ ಒಂದು ಪಟ್ಟಿ, ಅದರ ಮೇಲೆ ತೆಳು ಗುಲಾಬಿ. ಆ ನೀಲಿ ಪಟ್ಟಿ ಭೂಮಿಯದೇ ನೆರಳು. ನೆಲದ ಮೇಲಿನಿಂದಲೂ ಇದು ಕಾಣುತ್ತದೆ, ಆದರೆ ಮರ, ಮನೆ, ಧೂಳು ಅಡ್ಡ ಬರುತ್ತವೆ. ಇಲ್ಲಿ ದಿಗಂತದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಭೂಮಿಯ ನೆರಳು ಮೇಲೇಳುವುದನ್ನು ತಡೆಯಿಲ್ಲದೆ ಕಂಡೆ. ಶುಕ್ರವಾರದ ದೀಪ ಹಚ್ಚುವ ಹೊತ್ತೆಂದು ಮಡದಿ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಶ್ಲೋಕ ಹೇಳಿಕೊಂಡಳು.

ಶನಿವಾರದ ಸೂರ್ಯೋದಯ

ಜಪಾನಿನ ಮೇಲೆ ಬಂದಾಗ ನಮ್ಮ ಊರಿನಲ್ಲಿ ರಾತ್ರಿ ಒಂಬತ್ತೂವರೆ ದಾಟಿತ್ತು, ಕೆಳಗೆ ನಡುರಾತ್ರಿ ಕಳೆದಿತ್ತು. ಪರದೆಯ ಮೇಲಿನ ವೇಗ ಏರುತ್ತಲೇ ಹೋಯಿತು. ಸಾಮಾನ್ಯವಾಗಿ ಗಂಟೆಗೆ 900 ಕಿಲೋಮೀಟರ್ ಆಸುಪಾಸಿನಲ್ಲಿರಬೇಕಾದದ್ದು 1,000 ದಾಟಿತು, ಆಮೇಲೆ 1,100 ದಾಟಿತು. ಎಂಜಿನ್ನಿನ ಸದ್ದಿನಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಹೆಚ್ಚಿನ ಇನ್ನೂರು ಕಿಲೋಮೀಟರನ್ನು ಕೊಡುತ್ತಿದ್ದದ್ದು ಗಾಳಿ.

ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಈ ಜೆಟ್ ಮಾರುತ ಚಳಿಗಾಲದಲ್ಲಿ ಜಪಾನಿನ ಮೇಲೆ ಬಹಳ ಬಲವಾಗಿರುತ್ತದೆ. ಅದನ್ನು ಮೊದಲು ಕ್ರಮವಾಗಿ ಅಳೆದವರಲ್ಲಿ ಜಪಾನಿನವರೇ ಆದ ವಸಾಬುರೊ ಓಇಶಿ ಪ್ರಮುಖರು. 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವು ಓಡುವ ವೇಗವನ್ನು ದೂರದರ್ಶಕದಿಂದ ಗುರುತಿಸಿ ಲೆಕ್ಕ ಹಾಕಿದರು. ಹೊರದೇಶದವರೂ ಓದಲೆಂದು ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದರು. ಆ ಭಾಷೆ ಬಲ್ಲವರೇ ಕಡಿಮೆ, ಬಹುಪಾಲು ಜಗತ್ತು ಅದನ್ನು ಗಮನಿಸಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಇದೇ ಗಾಳಿಯನ್ನು ನಂಬಿ ಜಪಾನ್ ಸುಮಾರು 9,000 ಬೆಂಕಿ ಬಲೂನುಗಳನ್ನು ಅಮೆರಿಕದ ಕಡೆಗೆ ತೇಲಿಬಿಟ್ಟಿತು. ಅಂದು ಬಾಂಬು ಹೊತ್ತ ಗಾಳಿ ಇಂದು ನಮ್ಮನ್ನು ಮೊಮ್ಮಗುವಿನ ಬಳಿಗೆ ಹೊತ್ತೊಯ್ಯುತ್ತಿತ್ತು.

ದೂರ ಹೆಚ್ಚಾದರೂ ಹೊತ್ತು ಕಡಿಮೆಯಾಗುವುದು ಈ ಗಾಳಿಯಿಂದಲೇ. ಏರ್ ಇಂಡಿಯಾ 2016ರ ಅಕ್ಟೋಬರಿನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಮೇಲೆ ಹಾರಿಸಿತು. ಹಾದಿ ಸುಮಾರು 1,400 ಕಿಲೋಮೀಟರ್ ಹೆಚ್ಚಾಗಿ 15,300 ಕಿಲೋಮೀಟರ್ ಆಯಿತು, ಪ್ರಯಾಣ ಹದಿನಾಲ್ಕೂವರೆ ಗಂಟೆಯಲ್ಲೇ ಮುಗಿಯಿತು. ಭೂಮಿ ಪೂರ್ವಕ್ಕೆ ತಿರುಗುವುದರಿಂದ ವಿಮಾನಕ್ಕೆ ಸಹಾಯವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ, ನನ್ನ ವಿದ್ಯಾರ್ಥಿಗಳೂ ಹಾಗೆಯೇ ಬರೆಯುತ್ತಿದ್ದರು. ಭೂಮಿಯ ಜೊತೆಗೆ ಗಾಳಿಯೂ ವಿಮಾನವೂ ತಿರುಗುತ್ತಲೇ ಇರುತ್ತವೆ, ಅದರಿಂದ ನೇರವಾಗಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಲಾಭವೆಲ್ಲ ಬೆನ್ನ ಹಿಂದಿನ ಗಾಳಿಯದು.

ಸ್ವಾಮಿ ವಿವೇಕಾನಂದರು ಅಮೆರಿಕಕ್ಕೆ ಹೋದದ್ದೂ ಈ ದಿಕ್ಕಿನಲ್ಲಿಯೇ. 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿ ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್ ಮುಟ್ಟಿ, ಜಪಾನಿನ ಯೊಕೊಹಾಮದಿಂದ ಪೆಸಿಫಿಕ್ ದಾಟಿ ಜುಲೈ 25ರಂದು ಕೆನಡಾದ ವ್ಯಾಂಕೂವರ್ ತಲುಪಿದರು. ಎಂಟು ವಾರಗಳ ಪಯಣ. ಅದರ ಹಿಂದಿನ ವರ್ಷವಷ್ಟೇ ಮೈಸೂರಿನಲ್ಲಿ ಚಾಮರಾಜ ಒಡೆಯರ ಅತಿಥಿಯಾಗಿದ್ದವರು. ಯೊಕೊಹಾಮದಿಂದ ಆಚೆಯ ಅದೇ ಕಡಲನ್ನು ನಾವು ಒಂದು ನಿದ್ದೆಯಲ್ಲಿ ದಾಟುತ್ತಿದ್ದೆವು.

ನಾನು ನಿದ್ದೆ ಮಾಡಲಿಲ್ಲ. ಬಲಗಡೆಯ ಕಿಟಕಿಯ ಮುಂದುಗಡೆ ಕೆಂಪು ಗೆರೆ ಮೂಡಿದಾಗ ಕೈಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು, ಭಾರತದ ನಡುರಾತ್ರಿ. ಫೆಬ್ರವರಿಯ ದೀರ್ಘ ರಾತ್ರಿ ನಮ್ಮ ಪಾಲಿಗೆ ಎಂಟು ಗಂಟೆಯೂ ಇರಲಿಲ್ಲ. ನಕ್ಷೆಯಲ್ಲಿ ವಿಮಾನ, ದಿನ ಬದಲಾಗುವ 180ನೆಯ ರೇಖಾಂಶಕ್ಕೆ ಇನ್ನೂ ಸ್ವಲ್ಪ ಈಚೆಗಿತ್ತು. ಆದ್ದರಿಂದ ನಾವು ಕಂಡ ಸೂರ್ಯೋದಯ ಶನಿವಾರದ್ದು. ಅರ್ಧ ಗಂಟೆ ಕಳೆದ ಮೇಲೆ ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟಿತು; ಶನಿವಾರ ಹೋಗಿ ಮತ್ತೆ ಶುಕ್ರವಾರ ಬಂತು. ಕಿಟಕಿಯಾಚೆ ನೀರು, ಮೋಡ, ಬಿಸಿಲು. ರೇಖೆಯ ಗುರುತೇನೂ ಇಲ್ಲ. ಆದರೂ ಕಪ್ಪುಹಲಗೆಯ ಮೇಲೆ ವರ್ಷ ವರ್ಷವೂ ಸೀಮೆಸುಣ್ಣದಿಂದ ಎಳೆದ ಗೆರೆ ಅದು. ಮಡದಿಯನ್ನು ಎಬ್ಬಿಸಿ ತೋರಿಸಿದೆ. ಅವಳು ಎದ್ದು, "ಹಾಗಾದರೆ ಸಂಜೆ ಇನ್ನೊಮ್ಮೆ ದೀಪ ಹಚ್ಚಬೇಕು" ಎಂದಳು.

ಮತ್ತೆ ಶುಕ್ರವಾರ, ಎರಡನೆಯ ಸಂಜೆ

ಸಂಜೆ ಐದರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದೆವು. ಮಧ್ಯಾಹ್ನ ಎರಡೂವರೆಗೆ ಹೊರಟವರು ಅದೇ ದಿನ ಐದಕ್ಕೆ ತಲುಪಿದಂತೆ ಗಡಿಯಾರ ಹೇಳಿತು, ಮೊಣಕಾಲು ಮಾತ್ರ ಹದಿನಾರು ಗಂಟೆಗಳ ಲೆಕ್ಕ ಒಪ್ಪಿಸಿತು. ದಾರಿಯುದ್ದಕ್ಕೂ ಗಂಟೆ ಎರಡು ಗಂಟೆಗೊಮ್ಮೆ ಎದ್ದು ಸೀಟುಗಳ ನಡುವೆ ನಡೆದಾಡಿದ್ದೆವು. ಕೂತಲ್ಲೇ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ವಯಸ್ಸಾದವರಿಗೆ ಹೆಚ್ಚು ಎಂದು ವೈದ್ಯರು ಎಚ್ಚರಿಸಿದ್ದರು.

ಪಾಸ್‌ಪೋರ್ಟ್ ತಪಾಸಣೆ ಮುಗಿಸಿ, ಅರಸೀಕೆರೆಯ ತಾಯಿಯನ್ನು ಅವರ ಮಗನಿಗೆ ಒಪ್ಪಿಸಿ ಹೊರಬಂದಾಗ ಪಶ್ಚಿಮದ ಬೆಟ್ಟಗಳ ಮೇಲೆ ಆಕಾಶ ಕೆಂಪಾಗಿತ್ತು. ಆ ಶುಕ್ರವಾರ ನಮಗೆ 37 ಗಂಟೆ 30 ನಿಮಿಷಗಳಷ್ಟು ಉದ್ದವಿತ್ತು. ಅಳಿಯ ಕಾರು ಓಡಿಸುತ್ತ, "ಮಾವ, ಹಿಂದೆ ಒರಗಿ ಮಲಗಿ" ಎಂದ. ಹನ್ನೊಂದು ಕಿಲೋಮೀಟರ್ ಉದ್ದದ ಸ್ಯಾನ್ ಮಟೇಯೊ ಸೇತುವೆ ದಾಟಿ ಫ್ರೀಮಾಂಟ್ ಸೇರಿದೆವು. ತುಂಬು ಗರ್ಭಿಣಿ ಮಗಳು ಬಾಗಿಲಲ್ಲೇ ನಿಂತಿದ್ದಳು.

ಮುಂದಿನ ದಿನಗಳು, ಫ್ರೀಮಾಂಟ್

ಎರಡು ಊರುಗಳ ಗಡಿಯಾರದ ನಡುವೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಗಳ ವ್ಯತ್ಯಾಸ. ಆ ಅರ್ಧ ಗಂಟೆ ಭಾರತದ್ದು. ನಮ್ಮ ಕಾಲಮಾನ ಉತ್ತರ ಪ್ರದೇಶದ ಮಿರ್ಜಾಪುರದ ಸಮೀಪ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿದೆ. ಗಡಿಯಾರ ತಿರುಗಿಸಲು ಒಂದು ಕ್ಷಣ ಸಾಕು, ದೇಹ ತಿರುಗಲು ವಾರಕ್ಕೂ ಹೆಚ್ಚು ಬೇಕು. ಸಾಮಾನ್ಯವಾಗಿ ದಿನಕ್ಕೆ ಒಂದು ಗಂಟೆಯಷ್ಟು ಅದು ಹೊಂದಿಕೊಳ್ಳುತ್ತದೆ. ಜೀವಕೋಶಗಳೊಳಗೇ ಗಡಿಯಾರವಿದೆ ಎಂಬುದನ್ನು ವಿವರಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂದಿದೆ. ಅದರ ಸಾಕ್ಷ್ಯ ನಮ್ಮ ಅಡುಗೆಮನೆಯಲ್ಲಿ ಸಿಕ್ಕಿತು. ಬೆಳಗಿನ ಜಾವ ಮೂರಕ್ಕೆ ಮಡದಿ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ನಾನು ಎದುರು ಕುಳಿತು ತಿನ್ನುತ್ತಿದ್ದೆ. ಮಧ್ಯಾಹ್ನ ಮೂರಕ್ಕೆ ಇಬ್ಬರಿಗೂ ಕಣ್ಣು ಎಳೆಯುತ್ತಿತ್ತು. "ಅಪ್ಪ, ಮಲಗಬೇಡಿ, ಬಿಸಿಲಿಗೆ ಹೋಗಿ ನಡೆಯಿರಿ" ಎಂದು ಮಗಳು ಹೊರಡಿಸುತ್ತಿದ್ದಳು. ಒಳಗಿನ ಗಡಿಯಾರವನ್ನು ಸರಿಪಡಿಸುವುದು ಬೆಳಕೇ.

ಹಾಗೆ ನಡೆಯುತ್ತ ಸೇರುತ್ತಿದ್ದ ಜಾಗ ಎಲಿಜಬೆತ್ ಕೆರೆಯ ದಂಡೆ. ಸಂಜೆ ಅಲ್ಲಿ ಕನ್ನಡ ಧಾರಾಳವಾಗಿ ಕಿವಿಗೆ ಬೀಳುತ್ತದೆ. ದಾವಣಗೆರೆ, ಧಾರವಾಡ, ಪುತ್ತೂರು, ಎಲ್ಲ ಕಡೆಯ ಅಪ್ಪ ಅಮ್ಮಂದಿರು. ಕುಶಲ ಕೇಳಿದ ಮೇಲೆ ಎರಡನೆಯ ಪ್ರಶ್ನೆ ಒಂದೇ: "ನೀವು ಯಾವ ಕಡೆಯಿಂದ ಬಂದಿರಿ?" ಧಾರವಾಡದವರು ದುಬೈ ಮೇಲೆ, ಪುತ್ತೂರಿನವರು ಫ್ರಾಂಕ್‌ಫರ್ಟ್ ಮೇಲೆ, ಇನ್ನೊಬ್ಬರು ಸಿಂಗಪುರದ ಮೇಲೆ. ಒಂದೇ ಊರಿಗೆ ಬರಲು ಒಬ್ಬರು ಪಶ್ಚಿಮಕ್ಕೆ, ಇನ್ನೊಬ್ಬರು ಪೂರ್ವಕ್ಕೆ ಹೊರಟದ್ದು ಹೇಗೆಂದು ಅವರಿಗೇ ಸೋಜಿಗ. ಬೆಂಚಿನ ಮೇಲೆ ಕುಳಿತು ವಿವರಿಸುವ ಸಂತೋಷ ನನ್ನದಾಯಿತು. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ರೇಖಾಂಶದಲ್ಲಿ 160 ಡಿಗ್ರಿಯಷ್ಟು ಅಂತರವಿದೆ, ಭೂಗೋಳದ ಹೆಚ್ಚುಕಡಿಮೆ ಎದುರು ಬದಿ. ಹಾಗಾಗಿ ಯಾವ ದಿಕ್ಕಿಗೆ ಹೊರಟರೂ ದೂರದಲ್ಲಿ ಅಜಗಜಾಂತರವಾಗುವುದಿಲ್ಲ. ದುಬೈ ಮೇಲಿನಿಂದ ಸುಮಾರು 15,700, ಫ್ರಾಂಕ್‌ಫರ್ಟ್ ಆದರೆ 16,500ರ ಆಸುಪಾಸು, ಸಿಂಗಪುರವಾದರೆ ಇನ್ನು ಸ್ವಲ್ಪ ಹೆಚ್ಚು. ನಡುವೆ ಕಾಯುವ ಹೊತ್ತು ಸೇರಿದರೆ ಎಲ್ಲವೂ ಇಪ್ಪತ್ತೆರಡು ಗಂಟೆಗೆ ಕಡಿಮೆಯಿಲ್ಲ. ವಯಸ್ಸಾದವರಿಗೆ ಒಂದೇ ಸಲಕ್ಕೆ ಹದಿನಾರು ಗಂಟೆ ಕೂರುವುದು ಕಷ್ಟವೋ, ಅಪರಿಚಿತ ನಿಲ್ದಾಣದಲ್ಲಿ ನಡುರಾತ್ರಿ ವಿಮಾನ ಬದಲಿಸುವುದು ಕಷ್ಟವೋ? ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ಕಷ್ಟ. ಧಾರವಾಡದವರು ಒಪ್ಪಲಿಲ್ಲ, ದುಬೈನಲ್ಲಿ ಕಾಲು ಚಾಚಿ ಚಹಾ ಕುಡಿದ ಸುಖವನ್ನು ಬಣ್ಣಿಸಿದರು.

ಫೆಬ್ರವರಿ ಮುಗಿಯುವ ಮೊದಲು ಮೊಮ್ಮಗಳು ಹುಟ್ಟಿದಳು. ಮಡದಿಯ ದಿನಗಳು ಎಣ್ಣೆ ನೀರು, ಮೆಂತ್ಯದ ಗಂಜಿ, ಸಾಂಬ್ರಾಣಿ ಹೊಗೆಗಳಲ್ಲಿ ಕಳೆದವು. ಹೊಗೆ ಪತ್ತೆ ಮಾಡುವ ಯಂತ್ರ ಕೂಗಿಕೊಳ್ಳದಂತೆ ಅಳಿಯ ಕಿಟಕಿ ತೆರೆದು ಕಾವಲು ನಿಲ್ಲುತ್ತಿದ್ದ.

ಮಾರ್ಚ್ 10, ಭಾನುವಾರ

ಹಿಂದಿನ ರಾತ್ರಿ ಮಲಗಿ ಬೆಳಗ್ಗೆ ಎದ್ದಾಗ ಗೋಡೆಯ ಗಡಿಯಾರಕ್ಕೂ ಮೊಬೈಲಿಗೂ ಒಂದು ಗಂಟೆ ವ್ಯತ್ಯಾಸ. ಬೇಸಿಗೆಯ ಹಗಲನ್ನು ಬಳಸಿಕೊಳ್ಳಲು ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಬೆಳಗಿನ ಜಾವ ಎರಡಕ್ಕೆ ಗಡಿಯಾರವನ್ನು ಒಂದು ಗಂಟೆ ಮುಂದೂಡುತ್ತಾರೆ. ತಿಪಟೂರು ಅಂದಿನಿಂದ ನಮಗೆ ಹನ್ನೆರಡೂವರೆ ಗಂಟೆಯ ದೂರಕ್ಕೆ ಬಂತು. ನಮ್ಮ ವಿಮಾನ ಟಿಕೆಟ್ಟಿನ ಲೆಕ್ಕವೂ ಇದರಿಂದ ಸ್ವಾರಸ್ಯವಾಯಿತು. ಬರುವಾಗ ನಾವು ಗಳಿಸಿದ್ದು ಹದಿಮೂರೂವರೆ ಗಂಟೆ, ಮೇ ತಿಂಗಳಲ್ಲಿ ಹಿಂದಿರುಗುವಾಗ ಕೊಡಬೇಕಾದದ್ದು ಹನ್ನೆರಡೂವರೆ. ಉಳಿದ ಒಂದು ಗಂಟೆಯನ್ನು ಆ ಭಾನುವಾರದ ರಾತ್ರಿಯೇ ನಮ್ಮ ನಿದ್ದೆಯಿಂದ ಮುರಿದುಕೊಂಡಿತ್ತು.

ಏಪ್ರಿಲ್‌ನ ಒಂದು ಶನಿವಾರ, ಟ್ರೆಷರ್ ದ್ವೀಪ

ಗೋಲ್ಡನ್ ಗೇಟ್ ಸೇತುವೆಯನ್ನು ಎಲ್ಲರಂತೆ ನೋಡಿದೆವು, ಚೆನ್ನಾಗಿದೆ. ನಾನು ಅಳಿಯನನ್ನು ಒತ್ತಾಯಿಸಿ ಹೋದದ್ದು ಟ್ರೆಷರ್ ದ್ವೀಪಕ್ಕೆ. 1939ರ ವಿಶ್ವಪ್ರದರ್ಶನಕ್ಕೆಂದು ಕೊಲ್ಲಿಯಲ್ಲಿ ಮಣ್ಣು ತುಂಬಿ ಕಟ್ಟಿದ ದ್ವೀಪ ಇದು. ಇದರ ಪಕ್ಕದ ಚಿಕ್ಕ ಕೊಲ್ಲಿಗೆ ಇಂದಿಗೂ ಕ್ಲಿಪ್ಪರ್ ಕೋವ್ ಎಂಬ ಹೆಸರಿದೆ. ಪ್ಯಾನ್ ಅಮೆರಿಕನ್ ಕಂಪನಿಯ ಕ್ಲಿಪ್ಪರ್ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಇಲ್ಲಿಂದ ಏಷ್ಯಾಕ್ಕೆ ಹೊರಡುತ್ತಿದ್ದವು. ಅದಕ್ಕೂ ಮೊದಲು ಅವುಗಳ ನೆಲೆ ಕೊಲ್ಲಿಯ ಆಚೆಯ ಅಲಮೇಡದಲ್ಲಿತ್ತು. 1935ರ ನವೆಂಬರ್ 22ರಂದು ಎಡ್ವಿನ್ ಮ್ಯೂಸಿಕ್ ಎಂಬ ಕ್ಯಾಪ್ಟನ್ ಚೈನಾ ಕ್ಲಿಪ್ಪರ್ ವಿಮಾನದಲ್ಲಿ ಅಂಚೆ ಚೀಲಗಳನ್ನು ಹೇರಿಕೊಂಡು ಅಲಮೇಡದಿಂದ ಮೇಲೆದ್ದರು. ಎದುರಿಗೆ ಬೇ ಸೇತುವೆ ಇನ್ನೂ ಕಟ್ಟುತ್ತಿದ್ದರು. ಭಾರಕ್ಕೆ ವಿಮಾನ ಬೇಗ ಏರದೆ, ಸೇತುವೆಯ ತೂಗುತಂತಿಗಳ ಕೆಳಗೆ ನುಸುಳಿ ಹೋಯಿತು. ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್ ದ್ವೀಪಗಳಲ್ಲಿ ರಾತ್ರಿ ತಂಗುತ್ತ, ದಿನಾಂಕ ರೇಖೆ ದಾಟಿ 29ರಂದು ಮನಿಲಾ ಮುಟ್ಟಿತು.

ದಡದಲ್ಲಿ ನಿಂತು ಸೇತುವೆಯ ಎತ್ತರವನ್ನು ಕಣ್ಣಿನಲ್ಲೇ ಅಳೆದೆ. ಆ ಮನುಷ್ಯನಿಗೆ ಎಂಥ ಎದೆಗಾರಿಕೆ! ದಾರಿ ತೋರಿಸುವ ಉಪಗ್ರಹವಿಲ್ಲ. ರೇಡಿಯೊ ಸಂಕೇತ ಮತ್ತು ನಕ್ಷತ್ರಗಳನ್ನು ನಂಬಿ, ಸಾಗರದ ನಡುವಿನ ಚುಕ್ಕೆಯಂಥ ವೇಕ್ ದ್ವೀಪವನ್ನು ಹುಡುಕಿ ಇಳಿಯಬೇಕು. ನಾವು ಕೂತು ಬಂದ ಹದಿನಾರು ಗಂಟೆಗಳ ಹಾದಿಯನ್ನು ಮೊದಲು ತೆರೆದವರು ಇಂಥವರು. ಅಳಿಯ ಇಲ್ಲಿಯೇ ಇಷ್ಟು ವರ್ಷ ಇದ್ದರೂ ಈ ಕಥೆ ಕೇಳಿರಲಿಲ್ಲ. ಆಮೇಲೆ ಅವನೇ ಮಗುವನ್ನು ಎತ್ತಿಕೊಂಡು ನೀರಿನ ಅಂಚಿಗೆ ಹೋಗಿ ಚಿತ್ರ ತೆಗೆಸಿಕೊಂಡ.

ಮೇ, ಬುಧವಾರ ರಾತ್ರಿ

ಹಿಂದಿರುಗುವ ವಿಮಾನ ರಾತ್ರಿ ಒಂಬತ್ತಕ್ಕೆ. ಹೋಗುವಾಗ ನೆರವಾದ ಗಾಳಿ ಈಗ ಎದುರಾಳಿ. ಬಂದ ಹಾದಿಯಲ್ಲೇ ಹೋದರೆ ಅದು ಮುಖಕ್ಕೆ ಹೊಡೆಯುತ್ತದೆ. ಆದ್ದರಿಂದ ಗಾಳಿಗೆ ಅಷ್ಟು ಬಲವಿಲ್ಲದ ಉತ್ತರಕ್ಕೆ ಏರಿ, ಅಲಾಸ್ಕ, ಆರ್ಕ್ಟಿಕ್, ಸೈಬೀರಿಯಾ ದಾರಿ ಹಿಡಿಯುತ್ತಾರೆ. ನನ್ನ ದಾರ ತೋರಿಸಿದ ಹಾದಿಗೆ ಇದು ಹತ್ತಿರ. ದೂರ ಕಡಿಮೆ, ಆದರೂ ಹೊತ್ತು ಹದಿನೇಳೂವರೆ ಗಂಟೆ.

ಈ ಹಾದಿ ಎಲ್ಲರಿಗೂ ತೆರೆದಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ತನ್ನ ಆಕಾಶವನ್ನು ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ಮುಚ್ಚಿತು. ಅಮೆರಿಕದ ಕಂಪನಿಯೊಂದು ಪ್ರಕಟಿಸಿದ್ದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ ಅದರಿಂದ ಹಾರಲೇ ಇಲ್ಲ. ಭಾರತದ ವಿಮಾನಗಳಿಗೆ ತಡೆಯಿರಲಿಲ್ಲ. ದೂರವನ್ನು ಅಳೆಯುವಾಗ ರಾಜಕೀಯಕ್ಕೂ ಒಂದಿಷ್ಟು ಕಿಲೋಮೀಟರ್ ಸೇರಿಸಬೇಕಾಗುತ್ತದೆ.

ಮಗಳನ್ನು ಬಿಟ್ಟು ಒಳಗೆ ಹೋಗುವ ಗಳಿಗೆಯ ಬಗ್ಗೆ ಹೆಚ್ಚು ಬರೆಯಲಾರೆ.

ಗುರುವಾರ, ಆಕಾಶದಲ್ಲಿ

ಕ್ಯಾಲಿಫೋರ್ನಿಯಾದ ನಡುರಾತ್ರಿಗೆ ಗುರುವಾರ ಶುರುವಾಯಿತು. ಎರಡು ಗಂಟೆಯ ಸುಮಾರಿಗೆ ಮಡದಿ ಭುಜ ಅಲುಗಿಸಿದಳು. "ರೀ, ಬೆಳಗಾಯಿತೇ?"

ವಿಮಾನ ಅಲಾಸ್ಕದ ಉತ್ತರದ ಅಂಚಿನಲ್ಲಿತ್ತು. ದಿಗಂತದ ಮೇಲೆ ಕಿತ್ತಳೆ ಬಣ್ಣದ ಬೆಳಕು ಹಾಸಿತ್ತು. ನೋಡುತ್ತಿದ್ದಂತೆ ಅದರ ನಡುವೆ ಸೂರ್ಯ ಕಾಣಿಸಿಕೊಂಡ. ಪೂರ್ವದಲ್ಲಿ ಅಲ್ಲ, ಉತ್ತರ ದಿಕ್ಕಿನಲ್ಲಿ. ಮೇ ತಿಂಗಳ ನಡುವಿನಲ್ಲಿ 71ನೆಯ ಅಕ್ಷಾಂಶದಿಂದ ಆಚೆಗೆ ಸೂರ್ಯ ಮುಳುಗುವುದಿಲ್ಲ. ವಿಮಾನದ ಎತ್ತರದಿಂದ ಅದಕ್ಕೂ ಸ್ವಲ್ಪ ಮೊದಲೇ ಕಾಣುತ್ತಾನೆ. ಮಧ್ಯರಾತ್ರಿಯ ಸೂರ್ಯ ಎಂದು ನಾರ್ವೆಯ ಉದಾಹರಣೆ ಕೊಟ್ಟು ನಾನು ಪಾಠ ಮಾಡಿದ್ದು ಇವನನ್ನೇ. ಕೆಳಗೆ ಬಿರುಕುಬಿಟ್ಟ ಹಿಮದ ಹಾಸು, ಬಿರುಕುಗಳಲ್ಲಿ ಕಪ್ಪು ನೀರು.

ಅದಕ್ಕಿಂತ ದೊಡ್ಡ ಸೋಜಿಗ ಮುಂದಿತ್ತು. ಸೂರ್ಯ ಹಿಂದಕ್ಕೆ ನಡೆಯತೊಡಗಿದ. ಉತ್ತರದಿಂದ ಬಲಕ್ಕೆ ಸರಿದು ಪೂರ್ವಕ್ಕೆ ಹೋಗಬೇಕಾದವನು ಎಡಕ್ಕೆ, ವಾಯವ್ಯದ ಕಡೆಗೆ ಸರಿಯುತ್ತ ಮೇಲೇರುತ್ತಿದ್ದ. ಇದರ ಲೆಕ್ಕ ಸರಳ. ಭೂಮಧ್ಯರೇಖೆಯ ಮೇಲೆ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತದೆ, ಯಾವ ಪ್ರಯಾಣಿಕ ವಿಮಾನವೂ ಅದನ್ನು ಹಿಂದಿಕ್ಕಲಾರದು. 70ನೆಯ ಅಕ್ಷಾಂಶದಲ್ಲಿ ಆ ವೇಗ 570 ಕಿಲೋಮೀಟರಿಗೆ ಇಳಿಯುತ್ತದೆ. ನಾವು ಪಶ್ಚಿಮಕ್ಕೆ ಅದಕ್ಕಿಂತ ಬಹಳ ವೇಗವಾಗಿ ಹೋಗುತ್ತಿದ್ದೆವು, ಎಂದರೆ ಭೂಮಿಯ ತಿರುಗುವಿಕೆಯನ್ನು ಮೀರಿಸಿ ರಾತ್ರಿಯಿಂದ ಸಂಜೆಯ ಕಡೆಗೆ ನಡೆಯುತ್ತಿದ್ದೆವು. ಕಾಗದದ ಮೇಲೆ ಈ ಲೆಕ್ಕವನ್ನು ಮಾಡಿದ್ದೆ, ಕಣ್ಣಿಗೆ ಕಾಣುತ್ತದೆ ಎಂದು ಎಣಿಸಿರಲಿಲ್ಲ. ಸುತ್ತ ಎಲ್ಲರೂ ಕಿಟಕಿ ಮುಚ್ಚಿ ಮಲಗಿದ್ದರು. ನಮ್ಮ ಒಂದು ಕಿಟಕಿಯನ್ನು ಅಂಗೈ ಅಗಲ ತೆರೆದು ಇಬ್ಬರೂ ತಲೆ ಸೇರಿಸಿ ನೋಡಿದೆವು.

ಹೊರಗೆ ಸೊನ್ನೆಗಿಂತ 60 ಡಿಗ್ರಿ ಕೆಳಗೆ ಎಂದು ಪರದೆ ತೋರಿಸುತ್ತಿತ್ತು. ಜೆಟ್ ಇಂಧನದ ಒಂದು ಬಗೆ ಮೈನಸ್ 40 ಡಿಗ್ರಿಗೆ, ಇನ್ನೊಂದು ಮೈನಸ್ 47ಕ್ಕೆ ಹೆಪ್ಪುಗಟ್ಟತೊಡಗುತ್ತದೆ. ರೆಕ್ಕೆಯೊಳಗಿನ ಇಂಧನ ಹೊರಗಿನಷ್ಟು ಬೇಗ ತಣ್ಣಗಾಗುವುದಿಲ್ಲ, ಆದರೂ ಪೈಲಟ್‌ಗಳು ಅದರ ಉಷ್ಣತೆಯ ಮೇಲೆ ಕಣ್ಣಿಟ್ಟಿರುತ್ತಾರೆ. ತೀರಾ ತಣ್ಣಗಾದರೆ ಕೆಳಗಿಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ.

ಸೈಬೀರಿಯಾದ ಮೇಲೆ ದಕ್ಷಿಣಕ್ಕೆ ಇಳಿಯುತ್ತಿದ್ದಂತೆ ಅದೇ ಸೂರ್ಯ ವಾಯವ್ಯದಲ್ಲಿ ಮುಳುಗಿದ. ಕಜಕಸ್ತಾನದ ಕಡೆಯಿಂದ ಟಿಬೆಟ್ಟನ್ನು ಬಳಸಿ ಭಾರತ ಸೇರುವ ಹೊತ್ತಿಗೆ ಗುರುವಾರ ಮುಗಿದೇ ಹೋಗಿತ್ತು. ಹನ್ನೊಂದೂವರೆ ಗಂಟೆಗಳ ಆ ಗುರುವಾರ ಒಂದು ನಿಮಿಷವೂ ನೆಲ ಮುಟ್ಟಲಿಲ್ಲ.

ಶುಕ್ರವಾರ, ಬೆಳಗಿನ ಜಾವ

ಮೂರು ಗಂಟೆಗೆ ದೇವನಹಳ್ಳಿ. ದೊಡ್ಡಬಳ್ಳಾಪುರದ ಹತ್ತಿರ ಇಡ್ಲಿ ತಿಂದು, ಬೆಳಕು ಹರಿದ ಮೇಲೆ ಊರು ತಲುಪಿದೆವು. ದೇಹ ಹೊಂದಿಕೊಳ್ಳಲು ಮತ್ತೆ ಅಷ್ಟೇ ದಿನಗಳು ಬೇಕಾದವು. ಮಗಳೊಂದಿಗೆ ಮಾತಿಗೆ ಈಗ ಎರಡೇ ಹೊತ್ತು: ನಮ್ಮ ಬೆಳಗ್ಗೆ ಏಳು, ಅವಳ ಸಂಜೆ ಆರೂವರೆ, ನಮ್ಮ ರಾತ್ರಿ ಎಂಟೂವರೆ, ಅವಳ ಬೆಳಗ್ಗೆ ಎಂಟು. ನವೆಂಬರಿನಲ್ಲಿ ಅವರು ಗಡಿಯಾರವನ್ನು ಹಿಂದೂಡಿದಾಗ ಇದೂ ಒಂದು ಗಂಟೆ ಜರುಗುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.

ನಮ್ಮ ಬೀದಿಯ ಇನ್ನೊಂದು ಮನೆಯವರು 2024ರ ಡಿಸೆಂಬರಿನಲ್ಲಿ ಮಗನ ಮನೆಗೆ ಅದೇ ಕಡೆಗೆ ಹೊರಟಿದ್ದರು. ವಿಚಾರಿಸಲು ಬಂದಾಗ ಹೇಳಿದ್ದು ಇಷ್ಟು: ಹೋಗುವಾಗಲೂ ಬರುವಾಗಲೂ ಬಲಗಡೆಯ ಕಿಟಕಿ ಕೇಳಿ, ಜಪಾನ್ ಹತ್ತಿರ ಬಂದಾಗ ಪರದೆಯಲ್ಲಿ ವೇಗ ನೋಡಿ, ಚಳಿಗಾಲವಾದ್ದರಿಂದ ಬರುವಾಗ ಉತ್ತರದಲ್ಲಿ ಸೂರ್ಯ ಸಿಗುವುದಿಲ್ಲ, ಅದರ ಬದಲು ಧ್ರುವಪ್ರಭೆ ಕಂಡರೂ ಕಾಣಬಹುದು, ಆದ್ದರಿಂದ ಅಲಾಸ್ಕದ ಮೇಲೆ ಮಲಗಬೇಡಿ.